ಗುಡ್ಡ ಯಾವಾಗ ಏಳ್ತದ? ಮಕ್ಕಳಿಗೆ ಚಿತ್ರಪುಸ್ತಕ ಮಾಡುವ ಬಗೆ

ನಾನು ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಬೋರ್ಡ್ ಬರೆಯುವ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡಿನ ಕೆಲಸ ಕಮ್ಮಿ ಆಯಿತು. ಈಗ ಜಾಸ್ತಿ ಸಿಗುವುದು ಸರ್ಕಾರಿ ಶಾಲೆ, ಅಂಗನವಾಡಿಗಳ ಗೋಡೆ ಕೆಲಸ. ಕಾಗುಣಿತ, ನಕಾಶೆ, ಆನೆ, ನವಿಲು, ಕೈ ತೊಳೆಯುವ ಚಿತ್ರ. ನಾನು ಏಣಿ ಮೇಲೆ ಇರುತ್ತೇನೆ, ಮಕ್ಕಳು ಕೆಳಗೆ ನಿಂತಿರುತ್ತಾರೆ. "ಪೇಂಟರ್ ಮಾಮಾ, ನವಿಲು ಯಾಕ ನಗ್ಲಕತ್ತದ?" "ಈ ಆನಿ ಎಲ್ಲಿಗೆ ಹೊಂಟದ?" ಗೋಡೆ ಮೇಲಿನ ಆನೆ ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಮುಂದಿನ ಪುಟ ಇಲ್ಲವಲ್ಲ. ಹೋಗಬೇಕು ಅಂದರೆ ಪುಸ್ತಕವೇ ಬೇಕು. ಹಾಗೆ ಈ ಚಟ ಹತ್ತಿತು.

ಇಲ್ಲಿ ಹೇಳುವುದು 16 ಪುಟದ ಒಂದು ಸಣ್ಣ ಚಿತ್ರಪುಸ್ತಕದ ಬಗ್ಗೆ. ಐದರಿಂದ ಎಂಟು ವರ್ಷದ ಮಕ್ಕಳಿಗೆ. ನಾಲ್ಕು ಎ4 ಹಾಳೆ, ಒಂದು ಕಪ್ಪು ಪೆನ್ನು, ಒಂದು ತಿಳಿನೀಲಿ ಪೆನ್ಸಿಲ್, ಸೂಜಿ, ದಪ್ಪ ದಾರ, ಊರಲ್ಲೊಂದು ಝೆರಾಕ್ಸ್ ಅಂಗಡಿ. ಇಷ್ಟಿದ್ದರೆ ಸಾಕು. ಶಿಕ್ಷಕರು ಮಾಡಬಹುದು, ಅಂಗನವಾಡಿ ಅಕ್ಕ ಮಾಡಬಹುದು, ಮನೆಯಲ್ಲಿ ಅವ್ವ-ಅಪ್ಪ ಮಾಡಬಹುದು. ಚಿತ್ರ ಚೆನ್ನಾಗಿ ಬರುವುದಿಲ್ಲ ಅನ್ನುವವರೂ ಮಾಡಬಹುದು. ಮಕ್ಕಳು ಚಿತ್ರದ ಅಂದ ನೋಡುವುದು ಆಮೇಲೆ. ಮೊದಲು ನೋಡುವುದು ಚಿತ್ರದೊಳಗೆ ಯಾರು ಏನು ಮಾಡುತ್ತಿದ್ದಾರೆ ಅಂತ.

ಪ್ರಶ್ನೆ ಹುಡುಕುವುದು

ಮಕ್ಕಳ ಪುಸ್ತಕದಲ್ಲಿ ಕುತೂಹಲ, ಕಲ್ಪನೆ, ಗೆಳೆತನ ಇರಬೇಕು ಅಂತ ಆ ಮೂರು ದೊಡ್ಡ ಮಾತು ಎದುರಿಗೆ ಇಟ್ಟುಕೊಂಡು ಕೂತರೆ ಕಥೆ ಬರುವುದಿಲ್ಲ. ಭಾಷಣ ಬರುತ್ತದೆ. ಅದರ ಬದಲು ಒಂದು ಮಗು ನಿಜವಾಗಿ ಕೇಳಿದ ಒಂದು ಪ್ರಶ್ನೆ ಹಿಡಿಯಿರಿ. ಜೇಬಿನಲ್ಲಿ ಸಣ್ಣ ವಹಿ ಇರಲಿ. ಕೇಳಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ.

ಎಲ್ಲ ಪ್ರಶ್ನೆಯೂ ಪುಸ್ತಕ ಆಗುವುದಿಲ್ಲ. "ಬೆಂಗಳೂರು ಎಷ್ಟು ದೂರ?" ಅನ್ನುವುದಕ್ಕೆ ಒಂದು ಸಂಖ್ಯೆ ಹೇಳಿದರೆ ಮುಗಿಯಿತು. ನಮಗೆ ಬೇಕಾದದ್ದು ಕಣ್ಣಿಗೆ ಕಾಣುವ ವಸ್ತುವಿನ ಬಗ್ಗೆ ಹುಟ್ಟಿದ ಪ್ರಶ್ನೆ. ಯಾಕಂದರೆ ಅದನ್ನು ಚಿತ್ರ ಬರೆಯಬೇಕು. ಆ ಪ್ರಶ್ನೆ ಬೆನ್ನು ಹತ್ತಿ ಮಗು ಎದ್ದು ಎಲ್ಲಿಗೋ ಹೋಗುವ ಹಾಗಿರಬೇಕು. ಮತ್ತೆ, ಇಬ್ಬರು ಮಕ್ಕಳು ಅದಕ್ಕೆ ಎರಡು ಬೇರೆ ಉತ್ತರ ಹೇಳುವ ಹಾಗಿರಬೇಕು. ಈ ಕೊನೆಯದು ಮರೆಯಬೇಡಿ. ಗೆಳೆತನ ಒಳಗೆ ಬರುವ ಬಾಗಿಲು ಅದೇ.

ನಮ್ಮ ಶಹಾಪುರದ ಗುಡ್ಡ ನೋಡಿದವರಿಗೆ ಗೊತ್ತು. ದೂರದ ರಸ್ತೆಯಿಂದ ನೋಡಿದರೆ ಯಾರೋ ಅಂಗಾತ ಮಲಗಿದ ಆಕಾರ. ಹಣೆ, ಮೂಗು, ಗದ್ದ, ಎದೆ. ಬುದ್ಧ ಮಲಗಿದ್ದಾನೆ ಅಂತಾರೆ ಜನ. ದೊಡ್ಡವರಿಗೆ ವಿಷಯ ಅಲ್ಲಿಗೆ ಮುಗಿಯುತ್ತದೆ, ಫೋಟೊ ತೆಗೆದುಕೊಂಡು ಮುಂದೆ ಹೋಗುತ್ತಾರೆ. ಒಂದನೇ ತರಗತಿಯ ಒಬ್ಬ ಹುಡುಗಿ ಕೇಳಿದ್ದು, "ಗುಡ್ಡ ಯಾವಾಗ ಏಳ್ತದ?" ಪಕ್ಕದಲ್ಲಿದ್ದ ಹುಡುಗ ತಕ್ಷಣ, "ಏಳದು ಬ್ಯಾಡ, ಅದು ಮೊಸಳಿ" ಅಂದ. ನಾನು ಕುಂಚ ಕೆಳಗಿಟ್ಟು ಬರೆದುಕೊಂಡೆ. ಒಬ್ಬರಿಗೆ ಎಬ್ಬಿಸಬೇಕು, ಇನ್ನೊಬ್ಬರಿಗೆ ಎಬ್ಬಿಸಬಾರದು. ಇಷ್ಟು ಸಿಕ್ಕಿದ ಮೇಲೆ ಕಥೆ ತಾನೇ ನಡೆಯುತ್ತದೆ. ಮೊಸಳೆ ಯಾಕೆ ನೆನಪಾಯಿತು ಅಂತ ನೀವು ಕೇಳಬಹುದು. ಕೃಷ್ಣಾ ಹೊಳೆಯಲ್ಲಿ ಮೊಸಳೆ ಇವೆ. ಈ ಕಡೆ ಮಕ್ಕಳಿಗೆ ಅದು ಬರೀ ಪುಸ್ತಕದ ಪ್ರಾಣಿ ಅಲ್ಲ.

ನಿಮ್ಮ ಊರಲ್ಲೂ ಇಂಥದ್ದು ಇದ್ದೇ ಇರುತ್ತದೆ. ಬೀದರಿನವರಿಗೆ ಮಹಮೂದ್ ಗವಾನನ ಮದರಸಾ ಇದೆ. 1472ರಲ್ಲಿ ಕಟ್ಟಿದ್ದು. ಎದುರಿನ ಗೋಡೆಯಲ್ಲಿ ಒಂದಷ್ಟು ಕಡೆ ಮಾತ್ರ ಬಣ್ಣದ ಹೆಂಚು ಉಳಿದಿದೆ. "ಉಳದ ನೀಲಿ ಎಲ್ಲಿ ಹೋತು?" ಅಂತ ಒಂದು ಮಗು ಹುಡುಕಿಕೊಂಡು ಹೊರಡಬಹುದಲ್ವಾ? ನೌಬಾದ್ ಕಡೆ ನೆಲದೊಳಗೆ ಸುರಂಗದಲ್ಲಿ ನೀರು ಹರಿಸಿದ ಹಳೇ ಕರೇಜ್ ಇದೆ. ಬಾವಿಯೊಳಗೆ ಇಣುಕಿದ ಮಗುವಿಗೆ "ನೀರು ಕತ್ತಲದಾಗ ದಾರಿ ಹೆಂಗ ಹುಡುಕ್ತದ?" ಅನಿಸಿದರೆ ಅಲ್ಲೇ ಒಂದು ಪುಸ್ತಕ ಇದೆ. ಬೀದರಿನ ವಾಯುನೆಲೆಯಿಂದ ಹಾರುವ ಸೂರ್ಯಕಿರಣ ವಿಮಾನಗಳು ಹೊಗೆಯ ಗೆರೆ ಬಿಡುತ್ತವೆ. ಆ ಗೆರೆ ಅಳಿಸುವವರು ಯಾರು? ಕಲಬುರಗಿ ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ, ಬೇರೆ ಕಡೆಯಂತೆ ನಡುವೆ ತೆರೆದ ಅಂಗಳ ಇಲ್ಲ, ಪೂರ್ತಿ ಗುಮ್ಮಟಗಳದೇ ಮಾಡು. ಇಬ್ಬರು ಮಕ್ಕಳು ಎರಡು ಮೂಲೆಯಿಂದ ಗುಮ್ಮಟ ಎಣಿಸಲು ಶುರು ಮಾಡಿದರೆ ಲೆಕ್ಕ ತಪ್ಪಿ ಜಗಳ ಆಗಿಯೇ ಆಗುತ್ತದೆ. ಜಗಳ ಆದರೆ ಒಳ್ಳೆಯದೇ, ಪುಸ್ತಕಕ್ಕೆ.

ಹಾಳೆ ಮಡಚಿ, ಆಮೇಲೆ ಬರೆಯಿರಿ

ಬಹಳ ಜನ ಮೊದಲು ಕಥೆ ಪೂರ್ತಿ ಬರೆದು, ಆಮೇಲೆ ಅದಕ್ಕೆ ಚಿತ್ರ ಅಂಟಿಸುತ್ತಾರೆ. ನನ್ನ ಲೆಕ್ಕದಲ್ಲಿ ಅದು ಉಲ್ಟಾ. ಚಿತ್ರಪುಸ್ತಕದಲ್ಲಿ ಪುಟ ತಿರುವುವುದೇ ಕಥೆಯ ಒಂದು ಭಾಗ. ಹಾಗಾಗಿ ಖಾಲಿ ಪುಸ್ತಕ ಮೊದಲು ಕೈಯಲ್ಲಿರಬೇಕು.

ನಾಲ್ಕು ಎ4 ಹಾಳೆ ಒಂದರ ಮೇಲೊಂದು ಇಟ್ಟು ನಡುವೆ ಮಡಚಿ. 16 ಪುಟ ಆಯಿತು. ಮೂಲೆಯಲ್ಲಿ ಪೆನ್ಸಿಲ್‌ನಿಂದ 1ರಿಂದ 16ರವರೆಗೆ ಅಂಕಿ ಹಾಕಿ. ಈಗ ಹಾಳೆ ಬಿಡಿಸಿ ನೋಡಿ. ಹೊರಗಿನ ಹಾಳೆಯ ಒಂದು ಮುಖದಲ್ಲಿ 16 ಮತ್ತು 1, ಅದರ ಹಿಂದೆ 2 ಮತ್ತು 15. ಎರಡನೇ ಹಾಳೆ 14 ಮತ್ತು 3, ಹಿಂದೆ 4 ಮತ್ತು 13. ಮೂರನೆಯದು 12 ಮತ್ತು 5, ಹಿಂದೆ 6 ಮತ್ತು 11. ಒಳಗಿನದು 10 ಮತ್ತು 7, ಹಿಂದೆ 8 ಮತ್ತು 9. ಯಾವ ಮುಖ ನೋಡಿದರೂ ಎರಡು ಅಂಕಿ ಕೂಡಿದರೆ 17. ಸಮಸಂಖ್ಯೆ ಯಾವಾಗಲೂ ಎಡಕ್ಕೆ. ಇದೊಂದು ನೆನಪಿಟ್ಟರೆ ಝೆರಾಕ್ಸ್ ಅಂಗಡಿಯಲ್ಲಿ ತಲೆ ಕೆಡುವುದಿಲ್ಲ. 32 ಪುಟ ಮಾಡಿದರೆ ಕೂಡಿದ್ದು 33 ಬರುತ್ತದೆ. ದೊಡ್ಡ ಪ್ರಕಾಶಕರ ಚಿತ್ರಪುಸ್ತಕಗಳಲ್ಲಿ 32 ಪುಟದವೇ ಹೆಚ್ಚು, ದೊಡ್ಡ ಹಾಳೆ ಮಡಚಿದರೆ 16ರ ಲೆಕ್ಕದಲ್ಲಿ ಪುಟ ಬರುವುದೇ ಕಾರಣ. ಮೊದಲ ಸಲಕ್ಕೆ 16 ಸಾಕು.

1 ಮುಖಪುಟ. 2ರಲ್ಲಿ "ಈ ಪುಸ್ತಕ ಯಾರದು" ಅಂತ ಬರೆದು ಒಂದು ಗೆರೆ ಬಿಡಿ, ಮಗು ತನ್ನ ಹೆಸರು ಬರೆದುಕೊಳ್ಳಲಿ. 16 ಹಿಂಬದಿ. 15ರ ಬಗ್ಗೆ ಆಮೇಲೆ ಹೇಳುತ್ತೇನೆ. ಕಥೆಗೆ ಉಳಿದದ್ದು 3ರಿಂದ 14, ಅಂದರೆ 12 ಪುಟ.

ಈಗ ಮುಖ್ಯ ಕಸುಬು. ಬಲಗಡೆ ಪುಟ ಓದಿ ಮುಗಿಸಿದಾಗ ಮಗು ಪುಟ ತಿರುವುತ್ತದೆ. ಆದ್ದರಿಂದ ಬಲಗಡೆ, ಅಂದರೆ ಬೆಸಸಂಖ್ಯೆಯ ಪುಟದಲ್ಲಿ, ಏನೋ ಒಂದು ಅರ್ಧಕ್ಕೆ ನಿಲ್ಲಬೇಕು. ತಿರುವಿದ ಕೂಡಲೇ ಎಡಗಡೆ ಅದು ಬಿಚ್ಚಿಕೊಳ್ಳಬೇಕು. ನಮ್ಮ ಗುಡ್ಡದ ಪುಸ್ತಕ ಹೀಗೆ ಕೂತಿತು:

3ನೇ ಪುಟ. ಮಾಳಿಗೆ ಮೇಲೆ ನಿಂಗಿ. ಎದುರಿಗೆ ಗುಡ್ಡ. "ಗುಡ್ಡ ಯಾವಾಗ ಏಳ್ತದ?"

4ನೇ ಪುಟ. ಅವ್ವ ರೊಟ್ಟಿ ಬಡಿಯುತ್ತಿದ್ದಾಳೆ. "ಮೊದಲ ನೀ ಏಳು. ಸಾಲಿಗೆ ಹೊತ್ತಾತು." ಹೊರಗೆ ಕಟ್ಟೆ ಮೇಲೆ ಮುತ್ಯಾ, ಅಂದರೆ ಅಜ್ಜ, ಮಲಗಿದ್ದಾನೆ.

5ನೇ ಪುಟ. ಮಾಬು ಓಡಿ ಬಂದ. "ಏ ನಿಂಗಿ, ಅದು ಮನುಷ್ಯಾ ಅಲ್ಲ! ಅದು..."

6ನೇ ಪುಟ. "...ಮೊಸಳಿ!"

7ನೇ ಪುಟ. "ಎಬ್ಬಸೋಣು!" "ಬ್ಯಾಡ!" "ಎಬ್ಬಸೋಣು!" "ಬ್ಯಾಡಂದ್ರ ಬ್ಯಾಡ!"

8 ಮತ್ತು 9. ಒಂದೂ ಮಾತಿಲ್ಲ. ಎರಡೂ ಪುಟ ತುಂಬ ಒಂದೇ ಗುಡ್ಡ. ಎಡಗಡೆ ಅರ್ಧ ಮಲಗಿದ ದೊಡ್ಡ ಮನುಷ್ಯ, ಬಲಗಡೆ ಅರ್ಧ ಮೊಸಳೆ. ಈ ಎರಡು ಪುಟ ಒಂದೇ ಹಾಳೆಯ ಒಂದೇ ಮುಖದಲ್ಲಿ ಬರುತ್ತವೆ, ನಡುವೆ ಜೋಡಣೆ ಇಲ್ಲ. ಅಗಲದ ಚಿತ್ರ ಇದ್ದರೆ ಇಲ್ಲಿಗೇ ತನ್ನಿ.

10ನೇ ಪುಟ. ಇಬ್ಬರೂ ಹೊರಟರು. ನಿಂಗಿ ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ವಾಸನೆಗೆ ಏಳ್ತಾನೆ ಅಂತ. ಮಾಬು ಕೈಯಲ್ಲಿ ಕೋಲು. ಮೊಸಳೆಗೆ.

11ನೇ ಪುಟ. ಹತ್ತಿದರು, ಹತ್ತಿದರು. ಮೂಗಿನ ಹತ್ತಿರ ಬಂದು ನೋಡಿದರೆ...

12ನೇ ಪುಟ. ಮೂಗಿಲ್ಲ. ಬಾಯಿಲ್ಲ. ಬಾಲಾನೂ ಇಲ್ಲ. ಕಲ್ಲು, ಕಲ್ಲು, ದುಂಡನೆ ಕಲ್ಲು.

13ನೇ ಪುಟ. ಕಲ್ಲಿನ ಮೇಲೆ ಕೂತು ಇಬ್ಬರೂ ರೊಟ್ಟಿ ತಿನ್ನುತ್ತಿದ್ದಾರೆ. "ಈ ಕಲ್ಲು ಒಂದರ ಮ್ಯಾಲ ಒಂದು ಯಾರು ಇಟ್ರು?"

14ನೇ ಪುಟ. ಇಳಿದು ಬಂದು ತಿರುಗಿ ನೋಡುತ್ತಿದ್ದಾರೆ. ಗುಡ್ಡ ಮತ್ತೆ ಮಲಗಿದೆ. ಮಾತಿಲ್ಲ.

ಇದರಲ್ಲಿ ನಾನು ಹಟ ಹಿಡಿದ ಒಂದು ವಿಷಯ ಇದೆ. ಮೊದಲ ಪ್ರಶ್ನೆಗೆ ಉತ್ತರ ಎಲ್ಲೂ ಇಲ್ಲ. ಅದರ ಜಾಗಕ್ಕೆ ಇನ್ನೊಂದು ಪ್ರಶ್ನೆ ಬಂತು. 3ನೇ ಪುಟದ ಪ್ರಶ್ನೆ ನಿಂಗಿ ಒಬ್ಬಳದು. 13ನೇ ಪುಟದ ಪ್ರಶ್ನೆ ಇಬ್ಬರದು. "ಅವರು ಒಳ್ಳೆ ಗೆಳೆಯರಾದರು" ಅನ್ನುವ ಸಾಲು ಅದಕ್ಕೇ ಬೇಕಾಗಲಿಲ್ಲ. ಒಬ್ಬ ಹಿರಿಯರು ಕರಡು ನೋಡಿ "ನೀತಿ ಎಲ್ಲಿ?" ಅಂದರು. ಮೊಸಳೆಗೆ ಅಂತ ತಂದ ಕೋಲು 13ನೇ ಪುಟದಲ್ಲಿ ನೆಲದ ಮೇಲೆ ಬಿದ್ದಿದೆ, ರೊಟ್ಟಿ ಎರಡು ತುಂಡಾಗಿದೆ. ನೋಡುವ ಮಗುವಿಗೆ ಅಷ್ಟು ಸಾಕು. ಹಿರಿಯರಿಗೆ ಒಂದು ಕಪ್ ಚಹಾ ಕುಡಿಸಿದೆ, ಅವರೂ ಸುಮ್ಮನಾದರು.

ಮಾತು ಕಡಿಮೆ ಮಾಡುವುದು

ಮೊದಲ ಸಲ ಬರೆದಾಗ ಎಲ್ಲರೂ ಜಾಸ್ತಿ ಬರೆಯುತ್ತಾರೆ. ಬರೆಯಿರಿ, ಪರವಾಗಿಲ್ಲ. ಆಮೇಲೆ ಒಂದೊಂದು ಸಾಲಿಗೂ ಕೇಳಿ: ಇದು ಚಿತ್ರದಲ್ಲಿ ಕಾಣುತ್ತದಾ? ಕಾಣುತ್ತದೆ ಅಂದರೆ ಆ ಸಾಲು ಹೊಡೆದು ಹಾಕಿ. "ಕೆಂಪು ಲಂಗ ಹಾಕಿಕೊಂಡ ನಿಂಗಿ ಬೆಳಿಗ್ಗೆ ಮಾಳಿಗೆ ಮೇಲೆ ನಿಂತು ಗುಡ್ಡ ನೋಡುತ್ತಿದ್ದಳು" ಅಂತ ಬರೆದಿದ್ದೀರಿ ಅನ್ನಿ. ಲಂಗ ಕಾಣುತ್ತದೆ, ಬೆಳಗು ಕಾಣುತ್ತದೆ, ಮಾಳಿಗೆ ಕಾಣುತ್ತದೆ, ಗುಡ್ಡ ಕಾಣುತ್ತದೆ. ಉಳಿದದ್ದು ಅವಳ ಬಾಯಿಂದ ಬಂದ ಮಾತು ಒಂದೇ.

ಚಿತ್ರಕ್ಕೆ ಕಾಣಿಸಲಾಗದ್ದನ್ನು ಮಾತ್ರ ಮಾತು ಹೇಳಲಿ. ವಾಸನೆ, ಸದ್ದು, ಯಾರೋ ಅಂದುಕೊಂಡದ್ದು. "ವಾಸನೆಗೆ ಏಳ್ತಾನೆ ಅಂತ" ಅನ್ನುವುದನ್ನು ಚಿತ್ರದಲ್ಲಿ ಬರೆಯಲು ಬರುವುದಿಲ್ಲ, ಅದಕ್ಕೆ ಆ ಸಾಲು ಉಳಿಯಿತು.

ಉಲ್ಟಾ ಕಡೆಯಿಂದಲೂ ಇದೇ. ಮಾತಿನಲ್ಲಿ ಒಂದು ಸಲವೂ ಹೇಳದ ಒಂದು ಸಂಗತಿ ಚಿತ್ರದಲ್ಲಿ ಪುಟದಿಂದ ಪುಟಕ್ಕೆ ನಡೆಯಲಿ. ನಮ್ಮ ಪುಸ್ತಕದಲ್ಲಿ ಅದು ಮುತ್ಯಾ. ಇಬ್ಬರು ಸಣ್ಣ ಮಕ್ಕಳು ತಾವೇ ಗುಡ್ಡ ಹತ್ತಿದರು ಅಂದರೆ ತಾಯಂದಿರು ಒಪ್ಪುತ್ತಾರಾ? ಅದಕ್ಕೆ 10ನೇ ಪುಟದಿಂದ ಹಿಂದೆ ದೂರದಲ್ಲಿ ಮುತ್ಯಾ ಕೋಲೂರಿಕೊಂಡು ಬರುತ್ತಿರುತ್ತಾನೆ. ಸಣ್ಣದಾಗಿ. 11ರಲ್ಲಿ ಕಲ್ಲಿನ ಸಂದಿಯಲ್ಲಿ ಅವನ ರುಮಾಲು ಮಾತ್ರ. 14ರಲ್ಲಿ ಗುಡ್ಡದ ಬುಡದಲ್ಲಿ ಬೇವಿನ ಗಿಡದ ಕೆಳಗೆ ಸುಸ್ತಾಗಿ ಮಲಗಿಬಿಟ್ಟಿದ್ದಾನೆ. ಹಣೆ, ಮೂಗು, ಗದ್ದ, ಹೊಟ್ಟೆ, ಪೂರ್ತಿ ಗುಡ್ಡದ್ದೇ ಗೆರೆ. ಓದಿ ಹೇಳುವ ದೊಡ್ಡವರ ಕಣ್ಣು ಅಕ್ಷರದ ಮೇಲೆ ಇರುತ್ತದೆ, ಅವರಿಗೆ ಇದು ಕಾಣುವುದೇ ಇಲ್ಲ. ಅಕ್ಷರ ಬಾರದ ಮಗುವಿಗೆ ಮೊದಲು ಕಾಣುತ್ತದೆ. ಓದಲು ಬಾರದವರಿಗೆ ಪುಸ್ತಕದಲ್ಲಿ ಒಂದು ಮೇಲುಗೈ ಕೊಡಿ.

ಭಾಷೆ ಯಾವುದು ಇರಲಿ ಅಂತ ಶಿಕ್ಷಕರು ಕೇಳುತ್ತಾರೆ. ನಾನು ಮಾಡುವುದು ಹೀಗೆ: ಕಥೆ ಹೇಳುವ ಸಾಲು ಪಾಠಪುಸ್ತಕದ ಕನ್ನಡ, ಮಕ್ಕಳ ಬಾಯಿಯ ಮಾತು ಊರಿನ ಕನ್ನಡ. "ಏಳ್ತದ" ಅಂತ ಅಚ್ಚಾದ ಪುಟದಲ್ಲಿ ನೋಡಿದಾಗ ಮಕ್ಕಳು ನಗುತ್ತಾರೆ. ಆ ನಗು ಬೇಕು. ತಮ್ಮ ಮನೆ ಮಾತೂ ಪುಸ್ತಕದಲ್ಲಿ ಇರಬಹುದು ಅಂತ ಗೊತ್ತಾದರೆ ಮುಂದಿನ ಕಥೆ ಅವರೇ ಹೇಳುತ್ತಾರೆ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಆಡುವ ಮಕ್ಕಳೂ ಇದ್ದಾರೆ. ಅವರ ಒಂದೊಂದು ಮಾತು ಬರಲಿ. ನಿಂಗಿಗೆ "ಅವ್ವ" ಇದ್ದರೆ ಮಾಬುಗೆ "ಅಮ್ಮಿ" ಇರಲಿ. ಅರ್ಥ ಬರೆಯಬೇಕಾಗಿಲ್ಲ, ಚಿತ್ರ ಹೇಳುತ್ತದೆ.

ಕಚ್ಚಾ ಪುಸ್ತಕ ಓದಿ ನೋಡುವುದು

ಮಡಚಿದ ಖಾಲಿ ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಒರಟು ಚಿತ್ರ ಹಾಕಿ. ಮನುಷ್ಯರಿಗೆ ಕಡ್ಡಿ ಕೈಕಾಲು ಸಾಕು. ಇದನ್ನೇ ನಾಲ್ಕಾರು ಮಕ್ಕಳಿಗೆ ಓದಿ ಹೇಳಿ. ಅವರನ್ನು ಅರ್ಧ ಸುತ್ತು ಕೂರಿಸಿ. ಪುಸ್ತಕ ನಿಮ್ಮ ಎದೆಯ ಪಕ್ಕಕ್ಕೆ, ಅವರ ಕಣ್ಣಿನ ಎತ್ತರಕ್ಕೆ ಇರಲಿ. ಸಾಲು ನಿಮಗೆ ಬಾಯಿಪಾಠ ಇದ್ದರೆ ನೀವು ಅವರ ಮುಖ ನೋಡಬಹುದು.

ನೋಡಬೇಕಾದದ್ದು ಮುಖವನ್ನೇ. ಎಲ್ಲಿ ಕಣ್ಣು ಕಿಟಕಿ ಕಡೆ ಹೋಯಿತೋ ಆ ಪುಟ ಸತ್ತಿದೆ. ಎಲ್ಲಿ ಒಬ್ಬ ಎದ್ದು ಬಂದು ಬೆರಳು ಇಟ್ಟನೋ ಆ ಪುಟ ಮುಟ್ಟಬೇಡಿ. ನಡುವೆ ಬಾಯಿ ಹಾಕಿದರೆ "ಸುಮ್ನೆ ಕೂಡು" ಅನ್ನಬೇಡಿ, ಬರೆದುಕೊಳ್ಳಿ. 5ನೇ ಪುಟದಲ್ಲಿ "ಅದು..." ಅಂತ ನಿಲ್ಲಿಸಿದಾಗ ಒಬ್ಬ ಹುಡುಗ "ಬಸ್ಸು!" ಅಂದಿದ್ದ. ಗುಡ್ಡ ಬಸ್ಸು ಹೇಗೆ ಆಗುತ್ತದೆ ಅಂತ ನನಗೆ ಈಗಲೂ ಗೊತ್ತಾಗಿಲ್ಲ. ಅವನಿಗೆ ಗೊತ್ತಿತ್ತು.

ಮುಗಿದ ಮೇಲೆ "ಇದರಿಂದ ಏನು ಕಲಿತಿರಿ?" ಅಂತ ಕೇಳಲೇಬೇಡಿ. ಮಕ್ಕಳು ಪರೀಕ್ಷೆಯ ಮುಖ ಹಾಕಿಕೊಂಡು "ಜಗಳ ಮಾಡಬಾರದು ಸರ್" ಅನ್ನುತ್ತಾರೆ. "ಇನ್ನೊಮ್ಮೆ ಓದ್ರಿ" ಅಂದರೆ ಪಾಸು. ಅಷ್ಟೇ.

ಚಿತ್ರ

ಗಟ್ಟಿ ಚಿತ್ರ ಶುರು ಮಾಡುವ ಮುಂಚೆ ಇನ್ನೊಂದು ಹಾಳೆಯಲ್ಲಿ ನಿಂಗಿಯನ್ನು ಎದುರಿಂದ, ಪಕ್ಕದಿಂದ, ಹಿಂದಿನಿಂದ, ಕೂತಂತೆ, ಓಡುವಂತೆ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಮಾಬುಗೂ ಹಾಗೇ. ಇಲ್ಲದಿದ್ದರೆ ಪುಟದಿಂದ ಪುಟಕ್ಕೆ ಮುಖ ಬದಲಾಗುತ್ತದೆ, ಮಗು "ಇವ ಯಾರು?" ಅನ್ನುತ್ತದೆ. ಒಬ್ಬೊಬ್ಬರಿಗೂ ಬಿಡದ ಒಂದು ಗುರುತು ಕೊಡಿ. ನಿಂಗಿಗೆ ಒಂದೇ ಜಡೆ, ತುದಿಯಲ್ಲಿ ಟೇಪು. ಮಾಬುಗೆ ಒಂದು ಗುಂಡಿ ಕಿತ್ತ ಅಂಗಿ.

ಅಳತೆಗೆ ತಲೆಯನ್ನೇ ಗಜಕಡ್ಡಿ ಮಾಡಿಕೊಳ್ಳಿ. ಆರೇಳು ವರ್ಷದ ಮಗು ಸುಮಾರು 5ರಿಂದ 6 ತಲೆಯಷ್ಟು ಎತ್ತರ. ದೊಡ್ಡವರು 7ರಿಂದ 7.5. ಮಗುವನ್ನು 7 ತಲೆ ಎತ್ತರ ಬರೆದರೆ ಕುಳ್ಳ ಮನುಷ್ಯ ಕಾಣುತ್ತಾನೆ, ಮಗು ಕಾಣುವುದಿಲ್ಲ. ಶಾಲೆ ಗೋಡೆಗಳ ಮೇಲೆ ಇಂಥ ಬಾಲಕರು ಬಹಳ ಇದ್ದಾರೆ.

ಗುಡ್ಡದ ಮೇಲಂಚಿನ ಗೆರೆ ಮಾತ್ರ ಎಲ್ಲ ಪುಟದಲ್ಲೂ ಒಂದೇ ಇರಬೇಕು. ಒಂದು ಸಲ ಸರಿಯಾಗಿ ಬರೆದು ಕಾರ್ಬನ್ ಹಾಳೆ ಇಟ್ಟು ಉಳಿದ ಪುಟಕ್ಕೆ ಇಳಿಸಿಕೊಳ್ಳಿ. ಮುತ್ಯಾನ ಮೈಗೂ ಅದೇ ಗೆರೆ, ಸಣ್ಣದಾಗಿ. ಸ್ಥಳಕ್ಕೆ ಹೋಗಿ ನೋಡಿ ಬರೆಯುವುದಾದರೆ ಬೆಳಿಗ್ಗೆ ಇಲ್ಲ ಸಂಜೆ ಹೋಗಿ. ಬೆಳಕು ಹಿಂದಿನಿಂದ ಬಂದಾಗ ಗುಡ್ಡ ಒಂದೇ ಕಪ್ಪು ಆಕಾರವಾಗಿ ನಿಲ್ಲುತ್ತದೆ. ಮಧ್ಯಾಹ್ನ ಕಲ್ಲು ಕಲ್ಲು ಬೇರೆ ಕಾಣುತ್ತದೆ, ಮಲಗಿದವನು ಮಾಯ. ಜೊತೆಗೆ ನಮ್ಮ ಬಿಸಿಲು, ಅದು ಬೇರೆ ಹೇಳಬೇಕಾ.

ಒರಟು ಗೆರೆ ತಿಳಿನೀಲಿ ಪೆನ್ಸಿಲ್‌ನಲ್ಲಿ ಹಾಕಿ, ಅದರ ಮೇಲೆ ಕಪ್ಪು ಪೆನ್ನು ಓಡಿಸಿ. ತಿಳಿನೀಲಿ ಝೆರಾಕ್ಸಿನಲ್ಲಿ ಬಹುತೇಕ ಬೀಳುವುದಿಲ್ಲ, ಅಳಿಸುವ ಕೆಲಸ ಉಳಿಯಿತು. ಕೆಂಪು ಮಾತ್ರ ಕಪ್ಪಾಗಿ ಬೀಳುತ್ತದೆ, ಎಚ್ಚರ. ಸ್ಕೆಚ್ ಪೆನ್ನು ತೆಳು ಹಾಳೆಯಲ್ಲಿ ಹಿಂದಕ್ಕೆ ಇಳಿಯುತ್ತದೆ. ಬಣ್ಣ ಹಾಕಲೇಬೇಡಿ ಅಂತ ನನ್ನ ಸಲಹೆ. ಕಪ್ಪು ಗೆರೆಯ ಪ್ರತಿ ತೆಗೆದು ಕೊಡಿ, ಬಣ್ಣ ಮಕ್ಕಳು ಹಾಕಲಿ. ಖರ್ಚು ಕಮ್ಮಿ. ಒಂದು ಪುಸ್ತಕದಲ್ಲಿ ಮೊಸಳೆ ಹಸಿರು, ಇನ್ನೊಂದರಲ್ಲಿ ಗುಲಾಬಿ. ಪಕ್ಕದವನ ಪುಸ್ತಕ ನೋಡುವ ಆಸೆ ಅಲ್ಲೇ ಹುಟ್ಟುತ್ತದೆ.

ಅಕ್ಷರ

ಇದು ನನ್ನ ಕುಲಕಸುಬು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕನ್ನಡ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ನಮಗೆ ಸಾಲುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಓದಲು ಕಲಿಯುವ ಮಗು ಅಲ್ಲೇ ನಿಲ್ಲುತ್ತದೆ. ಎರಡು ಸಾಲಿನ ನಡುವೆ ಒಂದು ಪೂರ್ತಿ ಅಕ್ಷರದ ಜಾಗ ಬಿಡಿ. ಕಂಪ್ಯೂಟರಿನಲ್ಲಾದರೆ ಅಕ್ಷರದ ಗಾತ್ರ 20 ಪಾಯಿಂಟಿಗಿಂತ ಕಮ್ಮಿ ಬೇಡ. ಅಲಂಕಾರದ ಅಚ್ಚು ಬೇಡ. ಪ, ಷ, ವ, ಮ ಬೇರೆ ಬೇರೆ ಅಂತ ದೂರದಿಂದ ಕಾಣಬೇಕು. ಘ, ಫ ಕೂಡ.

ಕೈಯಲ್ಲಿ ಬರೆಯುವವರು ಮೊದಲು ಅಕ್ಷರ ಬರೆದು ಆಮೇಲೆ ಚಿತ್ರ ತುಂಬಿ. ಚಿತ್ರ ಮೊದಲು ಬರೆದರೆ ಅಕ್ಷರಕ್ಕೆ ಮೂಲೆಯ ಇಕ್ಕಟ್ಟು ಜಾಗವೇ ಸಿಗುವುದು. ಒಂದು ಶಬ್ದವನ್ನು ಸಾಲಿನ ಕೊನೆಗೆ ಒಡೆಯಬೇಡಿ. ಮಡಿಕೆ ಹತ್ತಿರ ಒಂದು ಬೆರಳು ಅಗಲ ಖಾಲಿ ಬಿಡಿ, ಹೊಲಿದ ಮೇಲೆ ಅದು ಒಳಗೆ ಹೋಗುತ್ತದೆ.

15ನೇ ಪುಟ

ಕಥೆ ಉತ್ತರ ಹೇಳಬಾರದು ಅಂದೆ. ಆದರೆ ನಿಜವಾದ ಉತ್ತರ ಮುಚ್ಚಿಡುವುದೂ ಸರಿಯಲ್ಲ. ಅದಕ್ಕೆ 15ನೇ ಪುಟ. ಕಥೆ ಮುಗಿದ ಮೇಲೆ, ಬೇಕಾದವರಿಗೆ ಮಾತ್ರ. ಸಣ್ಣ ಚಿತ್ರದ ಜೊತೆ ನಾವು ಹಾಕಿದ್ದು ಇಷ್ಟು:

"ಈ ಕಲ್ಲು ಯಾರೂ ಇಟ್ಟಿಲ್ಲ. ಬಹಳ ಹಿಂದೆ ಇದು ನೆಲದೊಳಗೆ ಒಂದೇ ದೊಡ್ಡ ಬಂಡೆ. ಬಂಡೆಯಲ್ಲಿ ಉದ್ದಕ್ಕೆ, ಅಡ್ಡಕ್ಕೆ ಬಿರುಕು ಬಿತ್ತು. ಬಿರುಕಿಗೆ ನೀರು ಇಳಿಯಿತು. ಕಲ್ಲಿನ ಮೂಲೆಗೆ ಮೂರು ಕಡೆಯಿಂದ ನೀರು ತಾಗಿತು, ಅದಕ್ಕೆ ಮೂಲೆ ಮೊದಲು ಸವೆಯಿತು. ಚೌಕ ಕಲ್ಲು ದುಂಡಗಾಯಿತು. ನಡುವಿನ ಪುಡಿ ಮಣ್ಣು ಮಳೆಗೆ ಹರಿದು ಹೋಯಿತು. ಕಲ್ಲು ಒಂದರ ಮೇಲೊಂದು ಉಳಿಯಿತು."

ಇಲ್ಲಿ ಗೊತ್ತಿದ್ದದ್ದು ಮಾತ್ರ ಬರೆಯಿರಿ, ಗೊತ್ತಿಲ್ಲದಿದ್ದರೆ ಹೈಸ್ಕೂಲಿನ ವಿಜ್ಞಾನ ಶಿಕ್ಷಕರನ್ನು ಕೇಳಿ. ಹುಣಸಗಿ ಕಡೆಯವರಿಗೆ ಇನ್ನೂ ದೊಡ್ಡ ಆಸ್ತಿ ಇದೆ. ಅಲ್ಲಿನ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದು ಹಳೇ ಶಿಲಾಯುಗದ ಸುಣ್ಣಕಲ್ಲಿನ ಕೈಗೊಡಲಿಗಳನ್ನು ತೆಗೆದಿದೆ. ಸುಮಾರು 12 ಲಕ್ಷ ವರ್ಷ ಹಳೆಯವು ಅನ್ನುವ ಲೆಕ್ಕ ಇದೆ. ಕೈಗೆ ಸರಿಯಾಗಿ ಕೂರುವ ಒಂದು ಕಲ್ಲು ಹೊಲದಲ್ಲಿ ಮಗುವಿಗೆ ಸಿಕ್ಕಿತು ಅಂತ ಕಥೆ ಶುರು ಮಾಡಿ, ಈ ಮಾಹಿತಿ ಕೊನೆಗೆ ಇಡಿ. ಕಥೆಯ ನಡುವೆ ತುರುಕಿದರೆ ಮಾಬು ಬಾಯಲ್ಲಿ ಮಾಸ್ತರು ಮಾತಾಡಿದ ಹಾಗೆ ಆಗುತ್ತದೆ.

ಝೆರಾಕ್ಸ್, ಹೊಲಿಗೆ

ಮೂಲ ಹಾಳೆಗಳನ್ನು ಬಿಡಿಸಿ, 17ರ ಲೆಕ್ಕದಲ್ಲಿ ಜೋಡಿ ಸರಿ ಇದೆಯಾ ನೋಡಿಕೊಂಡು ಅಂಗಡಿಗೆ ಒಯ್ಯಿರಿ. ಎರಡೂ ಮುಖ ಬೇಕು, ಪುಸ್ತಕದ ಪುಟ ತಿರುವಿದ ಹಾಗೆ ಹಾಳೆ ತಿರುಗಬೇಕು ಅಂತ ಬಿಡಿಸಿ ಹೇಳಿ. ಇಲ್ಲದಿದ್ದರೆ ಹಿಂದಿನ ಪುಟ ತಲೆಕೆಳಗಾಗಿ ಬರುತ್ತದೆ. ಮೊದಲು ಒಂದೇ ಪ್ರತಿ ತೆಗೆಸಿ, ಅಲ್ಲೇ ಮಡಚಿ ನೋಡಿ, ಆಮೇಲೆ ಉಳಿದದ್ದು. ಸಾಮಾನ್ಯ ಝೆರಾಕ್ಸ್ ಹಾಳೆ 70-75 ಜಿಎಸ್‌ಎಂ (ಹಾಳೆಯ ತೂಕದ ಅಳತೆ) ಇರುತ್ತದೆ. 100 ಜಿಎಸ್‌ಎಂ ಸಿಕ್ಕರೆ ಹಿಂದಿನ ಚಿತ್ರ ಇಣುಕುವುದಿಲ್ಲ. ಮೇಲೆ ದಪ್ಪ ಹಾಳೆಯ ಹೊದಿಕೆ ಬೇಕಿದ್ದರೆ ಲಗ್ನಪತ್ರಿಕೆ ಮಾಡುವವರ ಹತ್ತಿರ ತುಂಡು ಉಳಿದಿರುತ್ತದೆ, ಕೇಳಿ ನೋಡಿ.

ಹೊಲಿಗೆಗೆ ಮಡಿಕೆಯ ಮೇಲೆ ದಬ್ಬಳದಿಂದ ಮೂರು ತೂತು: ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು. ಸೂಜಿ ಒಳಗಿನಿಂದ ನಡುವಿನ ತೂತಿಗೆ ಹಾಕಿ ಹೊರಗೆ ತೆಗೆಯಿರಿ. ಮೇಲಿನ ತೂತಿನಿಂದ ಒಳಗೆ. ನಡುವಿನದನ್ನು ಬಿಟ್ಟು ಕೆಳಗಿನ ತೂತಿನಿಂದ ಹೊರಗೆ. ಮತ್ತೆ ನಡುವಿನ ತೂತಿನಿಂದ ಒಳಗೆ. ಎರಡು ತುದಿಯೂ ಈಗ ಒಳಗಿವೆ, ಉದ್ದ ದಾರದ ಆ ಕಡೆ ಒಂದು, ಈ ಕಡೆ ಒಂದು ಇರಿಸಿ ಬಿಗಿಯಾಗಿ ಗಂಟು ಹಾಕಿ. ಪಿನ್ನು ಹೊಡೆಯಬಹುದು, ಆದರೆ ಸಣ್ಣ ಮಕ್ಕಳ ಬೆರಳಿಗೆ ಚುಚ್ಚುತ್ತದೆ. ಮಳೆಗಾಲದಲ್ಲಿ ತುಕ್ಕೂ ಹಿಡಿಯುತ್ತದೆ.

ಮೊದಲ ಪ್ರತಿ ಪ್ರಶ್ನೆ ಕೇಳಿದ ಮಗುವಿಗೆ. ಉಳಿದವು ತರಗತಿಯಲ್ಲಿ ದಾರ ಕಟ್ಟಿ ಮಕ್ಕಳ ಕೈಗೆ ಎಟುಕುವ ಎತ್ತರದಲ್ಲಿ ತೂಗು ಹಾಕಿ, ಬೀರುವಿನಲ್ಲಿ ಇಟ್ಟು ಬೀಗ ಹಾಕಬೇಡಿ. ಹರಿದರೆ ಹರಿಯಲಿ, ಮೂಲ ಹಾಳೆ ನಿಮ್ಮ ಹತ್ತಿರ ಇದೆಯಲ್ಲ.

ಬೇರೆ ಊರಿಗೂ ತಲುಪಿಸಬೇಕು ಅನಿಸಿದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ಇದೆ, 2015ರಿಂದ ನಡೆಯುತ್ತಿದೆ. ಕನ್ನಡವೂ ಸೇರಿ ಬಹಳ ಭಾಷೆಯ ಮಕ್ಕಳ ಪುಸ್ತಕ ಅಲ್ಲಿ ಪುಕ್ಕಟೆ ಸಿಗುತ್ತವೆ, ನಿಮ್ಮದನ್ನೂ ಏರಿಸಬಹುದು. ಅಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ನಿಮ್ಮ ಹೆಸರು ಹೇಳಿ ಬಳಸಬಹುದು, ಬದಲಾಯಿಸಬಹುದು. ಅದಕ್ಕೆ ಒಪ್ಪಿಗೆ ಇದ್ದರೆ ಮಾತ್ರ ಹಾಕಿ. ಚಿತ್ರಗಳನ್ನು ಕಿಟಕಿ ಪಕ್ಕ ನೆರಳಿನ ಬೆಳಕಿನಲ್ಲಿ ಇಟ್ಟು ಮೇಲಿನಿಂದ ನೆಟ್ಟಗೆ ಫೋಟೊ ತೆಗೆಯಿರಿ, ಸ್ಕ್ಯಾನ್ ಮಾಡಿಸುವುದಾದರೆ 300 ಡಿಪಿಐ ಅಂತ ಹೇಳಿ. ಮಕ್ಕಳು ಬಣ್ಣ ಹಾಕಿದ ಪುಟ ಏರಿಸುವುದಾದರೆ ಅವರ ಮನೆಯವರನ್ನು ಕೇಳಿ. 2ನೇ ಪುಟದಲ್ಲಿ ಮಗು ಬರೆದ ಹೆಸರು, ಶಾಲೆಯ ಹೆಸರು ಮುಚ್ಚಿ ಆಮೇಲೆ ಏರಿಸಿ.